ಬಾಟ್ಲಿ ಟೀಚರಿಗೆ ಶಾಲು ಬೇಡ

ಅಕ್ಕನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕಾರ್ಕಳದ ಕಾಲೇಜಿನಿಂದ ಫೋನು ಬಂದಾಗ ನಾನು ಟೆಂಪೊದಿಂದ ಮಂಜುಗಡ್ಡೆ ಇಳಿಸುತ್ತಿದ್ದೆ. ಕೈಯೆಲ್ಲ ಒದ್ದೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೇಳಿದೆ. ಮಾತಾಡಿದವರು ಅಕ್ಕ ಪಾಠ ಮಾಡುತ್ತಿದ್ದ ವಿಭಾಗದ ಮುಖ್ಯಸ್ಥರು.

"ನಿಮ್ಮ ಅಕ್ಕನ ಹೆಸರಿನಲ್ಲಿ ಒಂದು ಪ್ರಶಸ್ತಿ ಇಡುವ ಅಂತ ಉಂಟು. ಸಂಶೋಧನೆ ಮಾಡುವ ಮಕ್ಕಳಿಗೆ. ಅದರ ಜೊತೆ ಒಂದು ಸ್ಮರಣ ಸಂಚಿಕೆ ತರುತ್ತೇವೆ. ಮನೆಯವರ ಲೇಖನ ಒಂದು ಇದ್ದರೆ ಚಂದ ಅಲ್ವಾ? ಕಹಿ ವಿಷಯ ಬೇಡ. ಒಳ್ಳೆಯ ನೆನಪುಗಳು ಸಾಕು."

ವೇದಿಕೆಯಲ್ಲಿ ನನಗೂ ಒಂದು ಶಾಲು ಉಂಟಂತೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಎಂಟಕ್ಕೆ ಹೋಗಿದ್ದೆ, ಮುಗಿಸಲಿಲ್ಲ. ಅಕ್ಕನನ್ನು ಓದಿಸಲಿಕ್ಕೆ ತಮ್ಮ ಶಾಲೆ ಬಿಟ್ಟ ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಸುಳ್ಳು. ನನ್ನ ತಲೆಗೆ ಓದು ಹತ್ತಲಿಲ್ಲ, ಅಷ್ಟೆ. ಅವಳು ಓದಿದ್ದು ಅವಳ ಹಟದಿಂದ. ನಾನು ಮೀನಿನ ಟೆಂಪೊ ಓಡಿಸುತ್ತೇನೆ, ದಿನವೂ ಪೇಪರು ಓದುತ್ತೇನೆ, ಬರೆಯುವ ಅಭ್ಯಾಸ ಇಲ್ಲ. ಆದರೂ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಕಹಿ ಬೇಡ ಎಂದರಲ್ಲ, ಆ ಮಾತಿನ ಸಿಟ್ಟಿಗೇ ಒಪ್ಪಿಕೊಂಡೆ. ಸಿಟ್ಟು ಬಂದರೆ ನನಗೆ ಕೆಲಸ ಬೇಗ ಆಗುತ್ತದೆ.

ನಮ್ಮ ಕಾಪುವಿನಿಂದ ಎರ್ಮಾಳಿನವರೆಗೆ, ಈ ಕಡೆ ಹೂಡೆಯವರೆಗೆ, ಕಡಲ ಬದಿಯ ಮನೆಗಳಲ್ಲಿ ಅಕ್ಕನಿಗೆ ಇದ್ದ ಹೆಸರು ಬಾಟ್ಲಿ ಟೀಚರ್. ಹೆಗಲಲ್ಲಿ ಒಂದು ಚೀಲ, ಅದರೊಳಗೆ ಸಾಲಾಗಿ ಸಣ್ಣ ಗಾಜಿನ ಬಾಟಲಿಗಳು. ಅವಳು ಬರುವ ಮೊದಲೇ ಆ ಸದ್ದು ಬರುತ್ತಿತ್ತು. ಬಾವಿಯ ನೀರು ತುಂಬಿಸಿ, ಮೇಲೆ ಚೀಟಿ ಅಂಟಿಸಿ, ಕಾಲೇಜಿಗೆ ಕೊಂಡುಹೋಗಿ ಉಪ್ಪು ಎಷ್ಟುಂಟು ಎಂದು ನೋಡುವುದು ಅವಳ ಕೆಲಸ. ಬೇಸಗೆಯಲ್ಲಿ ಕಡಲ ಬದಿಯ ಬಾವಿಗಳಿಗೆ ಉಪ್ಪುನೀರು ಬರುತ್ತದೆ. ಒಂದು ಮನೆಯ ಬಾವಿಗೆ ಬರುತ್ತದೆ, ಪಕ್ಕದ ಮನೆಯದಕ್ಕೆ ಬರುವುದಿಲ್ಲ. ಯಾಕೆ? ಯಾವ ಬಾವಿ ಯಾವಾಗ ಕೆಡುತ್ತದೆ ಎಂದು ಮೊದಲೇ ಹೇಳಲಿಕ್ಕೆ ಸಾಧ್ಯ ಉಂಟಾ? ಹೇಳಲಿಕ್ಕೆ ಆದರೆ ಹೆಂಗಸರು ಕೊಡಪಾನ ಹಿಡಿದು ಟ್ಯಾಂಕರಿಗೆ ಕಾಯಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ ಪ್ರಶ್ನೆಯ ಉತ್ತರ.

ಕಾರ್ಕಳದ ಬಸ್ಸಿನ ಕಂಡಕ್ಟರ್ ಒಬ್ಬರು ಯಾವಾಗಲೂ ಕೆಣಕುತ್ತಿದ್ದರು. "ಟೀಚರೇ, ಬಾಟ್ಲಿ ತುಂಬಿದ್ದಾ, ಖಾಲಿಯಾ?"

"ಹೋಗುವಾಗ ಭರ್ತಿ, ಬರುವಾಗ ಖಾಲಿ. ನಿಮ್ಮದು ಉಲ್ಟಾ ಅಲ್ವಾ?"

ಇಡೀ ಬಸ್ಸು ನಗುತ್ತಿತ್ತಂತೆ. ಕಂಡಕ್ಟರೂ ನಗುತ್ತಿದ್ದರಂತೆ. ಮುಂದಿನ ದಿನ ಚೀಲ ಇಡಲಿಕ್ಕೆ ಡ್ರೈವರಿನ ಹಿಂದೆ ಜಾಗ ಮಾಡಿಕೊಡುತ್ತಿದ್ದರು.

ಯಾರ ಮನೆಗೆ ಹೋದರೂ ಅವಳು ಚಾ ಬೇಡ ಎನ್ನುತ್ತಿರಲಿಲ್ಲ. ಎರ್ಮಾಳಿನಲ್ಲಿ ಒಮ್ಮೆ ನಾನೂ ಜೊತೆಗಿದ್ದೆ. ಆ ಮನೆಯ ಅಜ್ಜಿ ಕೊಟ್ಟ ಚಾ ಬಾಯಿಗೆ ಇಡಲಾರದಷ್ಟು ಉಪ್ಪು. ನಾನು ಲೋಟವನ್ನು ಕೆಳಗಿಟ್ಟೆ. ಅಕ್ಕ ಕೊನೆಯ ಗುಟುಕಿನವರೆಗೆ ಕುಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, "ಹೋದ ಸಲಕ್ಕಿಂತ ಬೇಗ ಬಂದಿದೆ ಅಲ್ವಾ ಅಜ್ಜಿ?" ಎಂದಳು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ನಿನಗಾದರೂ ಗೊತ್ತಾಯ್ತಲ್ಲ ಮಗಾ. ಪಂಚಾಯತಿನವರು ನಾನು ಸುಳ್ಳು ಹೇಳುವುದು ಅಂತಾರೆ," ಎಂದರು. ಟೆಂಪೊ ಹತ್ತಿದ ಮೇಲೆ ಅಕ್ಕ ನನಗೆ ಬೈದಳು. "ಲೋಟ ಕೆಳಗಿಡುವಾಗ ನಿನ್ನ ಮುಖ ಅವರು ನೋಡಿದರು. ಆ ನೀರನ್ನು ಅವರು ದಿನಾ ಕುಡಿಯುವುದು."

ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಈ ಅತಿಥಿ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅತಿಥಿಗೆ ಊಟ ಹಾಕಿ ಕಳುಹಿಸುವುದು ನಮ್ಮ ಕಡೆ ಕ್ರಮ. ಇಲ್ಲಿ ಅತಿಥಿಗಳಿಂದಲೇ ಅಡುಗೆ ಮಾಡಿಸಿ, ಬಡಿಸಿಸಿ, ಪಾತ್ರೆ ತೊಳೆಸಿ, ಬೇಸಗೆ ರಜೆ ಬಂದ ಕೂಡಲೇ ಹೊರಗೆ ನಿಲ್ಲಿಸುತ್ತಾರೆ. ಜೂನಿನಲ್ಲಿ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದರೆ ಪುನಃ ಅತಿಥಿ. ಸಂಬಳ ತಡವಾದ ಒಂದು ವರ್ಷ ಶಿಕ್ಷಕರ ದಿನಾಚರಣೆಗೆ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮನೆಗೆ ಬಂದವಳು ಬುಟ್ಟಿಯನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು, ಶಾಲನ್ನು ಕತ್ತರಿಯಿಂದ ತುಂಡು ತುಂಡು ಮಾಡಿ ಬಾಟಲಿಗಳಿಗೆ ಸುತ್ತಿದಳು. "ಗಾಜು ಒಡೆಯುವುದಿಲ್ಲ ಇನ್ನು. ಸನ್ಮಾನದಿಂದ ಒಂದು ಉಪಯೋಗ ಆಯ್ತು ನೋಡು."

ಸಂಶೋಧನೆಗೆ ಹೊರಗಿನಿಂದ ಹಣ ತರಬೇಕು ಎಂದು ಅವಳು ಹೊರಟದ್ದು ಅದೇ ಕಾಲಕ್ಕೆ. ಅಲ್ಲಿ ಇಲ್ಲಿ ಸರಕಾರದವರು, ದೊಡ್ಡ ದೊಡ್ಡ ಪ್ರತಿಷ್ಠಾನದವರು ಅರ್ಜಿ ಕರೆಯುತ್ತಾರಂತೆ. ಅದನ್ನು ಹುಡುಕುವುದೇ ಒಂದು ಕೆಲಸ. ನಾವು ಬೆಳಿಗ್ಗೆ ಎದ್ದು ಯಾವ ಬೋಟು ಬಂತು, ಯಾವ ಮೀನು ಬಿತ್ತು ಎಂದು ನೋಡಿದ ಹಾಗೆ ಅವಳು ಬೆಳಿಗ್ಗೆ ಎದ್ದು ಎಲ್ಲಿ ಕರೆ ಬಂತು ಎಂದು ನೋಡುತ್ತಿದ್ದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೇರೆ ಮನೆಯವರು ಏಕಾದಶಿ, ಸಂಕ್ರಾಂತಿ ಗುರುತು ಮಾಡಿದರೆ ನಮ್ಮ ಮನೆಯಲ್ಲಿ ಅರ್ಜಿಯ ಕೊನೆಯ ದಿನಗಳು. ಕೆಂಪು ಶಾಯಿಯ ಸುತ್ತು ಕಂಡರೆ ಆ ವಾರ ಮೀನು ನಾನೇ ಹೆಚ್ಚಬೇಕು ಎಂದು ಅರ್ಥ.

ಹಣ ಬಾರದ್ದಕ್ಕೆ ಅವಳ ಬರಹ ಕಾರಣ ಅಲ್ಲ. ಬರಹ ಚೆನ್ನಾಗಿತ್ತು ಎಂದು ಅವರೇ ಬರೆಯುತ್ತಿದ್ದರು. ಆದರೆ ಎಲ್ಲಿ ನೋಡಿದರೂ ಒಂದು ಕಟ್ಟಳೆ: ಅರ್ಜಿ ಹಾಕುವವರಿಗೆ ಖಾಯಂ ಕೆಲಸ ಇರಬೇಕು, ಸಂಸ್ಥೆಯವರ ಸಹಿ ಬೇಕು. ಒಮ್ಮೆ ಮುಖ್ಯಸ್ಥರೇ ದಾರಿ ಹೇಳಿಕೊಟ್ಟರು. ಅವರ ಹೆಸರು ಮೊದಲು ಹಾಕುವುದು, ಅವಳದ್ದು ಕೆಳಗೆ. ಬರೆದದ್ದು ಪೂರ್ತಿ ಅವಳು. ಹಣ ಬಂತು. ಪೇಪರಿನಲ್ಲಿ ಅವರ ಫೋಟೊ ಬಂತು. ಅವರ ಕೋಣೆಗೆ ಎಸಿ ಬಂತು, ನೀರಿನ ಸ್ಯಾಂಪಲು ತಣ್ಣಗಿರಬೇಕು ಎಂದು ಕಾರಣ ಬರೆದಿದ್ದರಂತೆ. ಸ್ಯಾಂಪಲು ಮಾತ್ರ ಹೊರಗೆ ಜಗಲಿಯ ಬೆಂಚಿನ ಕೆಳಗಿತ್ತು. ಅಕ್ಕನಿಗೆ ಬಂದದ್ದು ಸಹಾಯಕಿ ಎಂಬ ಹೆಸರು, ಬಸ್ಸಿನ ಖರ್ಚು.

ಸಾರ್, ಇದನ್ನು ನೀವೇ ಮೊದಲು ಓದುತ್ತೀರಿ ಎಂದು ನನಗೆ ಗೊತ್ತುಂಟು. ಇದು ನಿಮ್ಮದೇ ಕಹಿ. ತೆಗೆಯಬೇಡಿ. ಮುಂದೆ ನನ್ನದು ಉಂಟು.

ಆಗ ನಾನು ಅಕ್ಕನಿಗೆ ಹೇಳಿದ್ದೆ, "ನೀನು ಧಣಿಗಳಿಗೆ ಒಂದು ಮಾತು ಹೇಳು. ಅವರು ಕಾಲೇಜಿನ ಕಮಿಟಿಯಲ್ಲಿ ಇದ್ದಾರಲ್ಲ." ಧಣಿಗಳು ಎಂದರೆ ನಾನು ಕೆಲಸ ಮಾಡುವ ಐಸ್ ಪ್ಲಾಂಟಿನ ಯಜಮಾನರು. ಊರಿನ ಯಾವ ಸಭೆಯಲ್ಲೂ ಅವರಿಗೊಂದು ಕುರ್ಚಿ ಇರುತ್ತದೆ. ಅಕ್ಕ ತಲೆ ಎತ್ತದೆ ಹೇಳಿದಳು, "ಕೇಳುವುದು ಬೇರೆ, ಬೇಡುವುದು ಬೇರೆ ಮಾರಾಯ. ನಾನು ಅರ್ಜಿ ಹಾಕಿ ಕೇಳುತ್ತೇನೆ. ಬೇಡಲಿಕ್ಕೆ ಹೋಗುವುದಿಲ್ಲ." ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. ನನಗೆ ಅದು ಓದಿದವರ ಜಂಬದ ಹಾಗೆ ಕೇಳುತ್ತಿತ್ತು.

ಆಮೇಲೆ ಒಂದು ದಿನ, ನಾನು ಅಂಗಳದಲ್ಲಿ ಟೆಂಪೊ ತೊಳೆಯುತ್ತಿದ್ದಾಗ ಅವಳು ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಿಬಂದಳು. ಅಕ್ಕ ಓಡಿದ್ದನ್ನು ನಾನು ಅದಕ್ಕಿಂತ ಮೊದಲು ನೋಡಿದ್ದು ಶಾಲೆಯ ದಿನಗಳಲ್ಲಿ.

"ಇದಕ್ಕೆ ಯಾರ ಸಹಿಯೂ ಬೇಡ ಮಾರಾಯ! ಖಾಯಂ ಕೆಲಸ ಇಲ್ಲದವರಿಗೇ ಕೊಡುವುದಂತೆ. ನನ್ನ ಹೆಸರು, ನಾನೇ ಮೇಲೆ!"

ದೂರದ ಊರಿನ ಒಂದು ಪ್ರತಿಷ್ಠಾನ ಕೊಡುವ ಪುರಸ್ಕಾರ ಅದು. ಸಿಕ್ಕಿದರೆ ಕೆಲವು ವರ್ಷ ಕಾಲೇಜಿನ ಪಟ್ಟಿಗೆ ಕಾಯದೆ ಬಾವಿಗಳ ಕೆಲಸ ಮಾಡಬಹುದು. ಪರೀಕ್ಷೆಯ ಖರ್ಚು, ಒಬ್ಬರು ಸಹಾಯಕ್ಕೆ, ಎಲ್ಲ ಅವರದ್ದೇ. ಒಂದೇ ತೊಂದರೆ, ವಯಸ್ಸಿನ ಮಿತಿ. ಆ ವರ್ಷ ಹಾಕಿದರೆ ಹಾಕಿದ್ದು, ಮುಂದಿನ ವರ್ಷಕ್ಕೆ ಅವಳಿಗೆ ಮಿತಿ ದಾಟುತ್ತಿತ್ತು.

ಆ ಅರ್ಜಿ ಬರೆಯುವಾಗ ಅವಳು ನನ್ನನ್ನು ಹಿಡಿದು ಕೂರಿಸಿದಳು. ಕೂರಿಸಿದ್ದಲ್ಲ, ನಾನು ಟೆಂಪೊ ತೊಳೆಯುತ್ತಿದ್ದೆ, ಅವಳು ಮೆಟ್ಟಿಲಲ್ಲಿ ಕೂತು ಬರೆದದ್ದನ್ನು ತುಳುವಿನಲ್ಲಿ ಹೇಳುತ್ತಿದ್ದಳು. ನಾನು ಆಕಳಿಸಿದರೆ ಅಲ್ಲಿಗೆ ನಿಲ್ಲಿಸಿ ಗೆರೆ ಹಾಕುತ್ತಿದ್ದಳು. "ಇಲ್ಲಿ ನಿನಗೆ ನಿದ್ದೆ ಬಂತಲ್ಲ, ಅವರಿಗೂ ಬರುತ್ತದೆ." ಸುಮ್ಮನೆ ಹೂಂ ಎಂದರೆ ಬಿಡುತ್ತಿರಲಿಲ್ಲ. "ಎಂತ ಅರ್ಥ ಆಯ್ತು, ಹೇಳು?" ನಾನು ಹೇಳಿದ್ದು ತಪ್ಪಾದರೆ ತಪ್ಪು ನನ್ನದಲ್ಲ, ಬರೆದದ್ದು ಸರಿ ಇಲ್ಲ ಎಂದು ಪುನಃ ಬರೆಯುತ್ತಿದ್ದಳು. ಶಾಲೆಯಲ್ಲಿ ಯಾವ ಮೇಷ್ಟ್ರೂ ನನಗೆ ಹಾಗೆ ಹೇಳಿರಲಿಲ್ಲ. ಕೊನೆಗೆ ಒಂದು ಸಂಜೆ ಮೊದಲಿಂದ ಕೊನೆಯವರೆಗೆ ಹೇಳಿದಳು. ನಾನು ಪೈಪಿನ ನೀರು ನಿಲ್ಲಿಸಿ ಕೇಳಿದೆ. ಎರ್ಮಾಳಿನ ಅಜ್ಜಿಯ ಚಾ ಕೂಡ ಅದರಲ್ಲಿತ್ತು. ಮುಗಿದಾಗ ನಾನು, "ಇದಕ್ಕೆ ಕೊಡದಿದ್ದರೆ ಅವರಿಗೆ ತಲೆ ಸರಿ ಇಲ್ಲ," ಎಂದೆ. ಅವಳು ಒಳಗೆ ಹೋಗಿ ಅರ್ಜಿ ಕಳುಹಿಸಿದಳು.

ಇಂಟರ್ವ್ಯೂಗೆ ಕರೆ ಬಂತು. ಮಣಿಪಾಲದ ಒಂದು ಹೋಟೆಲಿನ ಸಭಾಂಗಣದಲ್ಲಿ. ಕರೆದುಕೊಂಡು ಹೋದದ್ದು ನಾನೇ, ಟೆಂಪೊದಲ್ಲಿ. ಮೀನಿನ ವಾಸನೆ ಬರುತ್ತದೆ, ಆಟೊದಲ್ಲಿ ಹೋಗು ಎಂದೆ. "ಬರಲಿ, ಕಡಲ ಬದಿಯ ಕೆಲಸ ಅಲ್ವಾ," ಎಂದಳು. ನಾನು ಹೊರಗೆ ಕಾದೆ. ಹೊರಗೆ ಬರುವಾಗ ಅವಳ ಕೈಯಲ್ಲಿ ಬಾಟಲಿಯ ಚೀಲ ಇರಲಿಲ್ಲ. ಆಯ್ಕೆ ಸಮಿತಿಯ ಅಧ್ಯಕ್ಷರು ತಾವೇ ನೋಡಬೇಕು ಎಂದು ಇಟ್ಟುಕೊಂಡರಂತೆ. ಗೋಳಿಬಜೆ ತಿನ್ನುತ್ತ ಹೇಳಿದಳು, "ಆಗಬಹುದು ಅಂತ ಕಾಣ್ತದೆ. ಆದರೆ ಯಾರಿಗೂ ಹೇಳಬೇಡ, ಆಯ್ತಾ? ಇದರಲ್ಲಿ ಒಂದು ಕಟ್ಟಳೆ ಉಂಟು. ನಮ್ಮ ಪರವಾಗಿ ಯಾರಿಂದಲಾದರೂ ಹೇಳಿಸಿದರೆ ಅರ್ಜಿ ರದ್ದು."

ನಾನು ಕೇಳಿದೆ. ಅರ್ಥ ಆಯಿತು. ಅರ್ಥ ಆಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಿಕ್ಕೆ ನನಗೆ ದಾರಿ ಇಲ್ಲ.

ನಮ್ಮಲ್ಲಿ ಆಸ್ಪತ್ರೆಯ ಬೆಡ್ಡಿಗೆ, ಶಾಲೆಯ ಸೀಟಿಗೆ, ಕರೆಂಟಿನ ಕಂಬಕ್ಕೆ, ಕಡೆಗೆ ಯಕ್ಷಗಾನ ನೋಡಲಿಕ್ಕೆ ಮುಂದಿನ ಕುರ್ಚಿಗೂ ಒಂದು ಮಾತು ಹೇಳಿಸಬೇಕು. ಹೇಳಿಸಬಾರದು ಎಂದು ಗೋಡೆಯಲ್ಲಿ ಬರೆದಿರುತ್ತದೆ. ಬರೆದವರೂ ಹೇಳಿಸಿಯೇ ಆ ಕೆಲಸಕ್ಕೆ ಬಂದವರು. ಹೇಳಿಸದೆ ಇದ್ದರೆ ನಿನ್ನ ಹಿಂದೆ ಯಾರೂ ಇಲ್ಲ ಎಂದು ತಿಳಿದು ನಿನ್ನ ಫೈಲನ್ನು ಅಡಿಗೆ ಹಾಕುತ್ತಾರೆ. ನನ್ನ ಲೆಕ್ಕ ಇದು. ಅಕ್ಕನಿಗೆ ಲೋಕ ಗೊತ್ತಿಲ್ಲ, ನನಗೆ ಗೊತ್ತುಂಟು ಎಂದುಕೊಂಡೆ. ಮೊದಲ ಸಲ ಅವಳಿಗಿಂತ ನನಗೆ ಹೆಚ್ಚು ಗೊತ್ತಿರುವ ಒಂದು ವಿಷಯ ಸಿಕ್ಕಿತಲ್ಲ, ಅದರ ಖುಷಿಯೂ ಇತ್ತು. ಇದನ್ನು ಬರೆಯುವಾಗ ನನಗೆ ನನ್ನ ಕೆನ್ನೆಗೆ ಬಾರಿಸಬೇಕು ಎಂದು ಕಾಣುತ್ತದೆ.

ಇಂಟರ್ವ್ಯೂಗೆ ಕರೆದ ಕಾಗದದಲ್ಲಿ ಅಧ್ಯಕ್ಷರ ಹೆಸರಿತ್ತು. ಅದನ್ನು ಬರೆದುಕೊಂಡು ಧಣಿಗಳ ಹತ್ತಿರ ಹೋದೆ.

"ಧಣಿ, ಅಕ್ಕನದ್ದೊಂದು ಫೈಲು ಉಂಟು."

"ಯಾವ ಆಫೀಸು?"

"ಆಫೀಸು ಅಲ್ಲ. ಸಂಶೋಧನೆಗೆ ಹಣ ಕೊಡುವವರು. ಮಣಿಪಾಲಕ್ಕೆ ಬಂದು ಇಂಟರ್ವ್ಯೂ ಮಾಡಿ ಹೋಗಿದ್ದಾರೆ. ಇವರು ಅಧ್ಯಕ್ಷರು."

ಧಣಿಗಳು ಚೀಟಿ ನೋಡಿ ನಕ್ಕರು. "ಇಷ್ಟೆಯಾ? ಮೊದಲೇ ಹೇಳುವುದಲ್ವಾ ಮಾರಾಯ!" ಅಲ್ಲಿ ಇಲ್ಲಿ ಎರಡು ಫೋನು ಮಾಡಿ ಅಧ್ಯಕ್ಷರ ನಂಬರು ಹಿಡಿದರು. ನನಗೂ ಕೇಳಲಿ ಎಂದು ಫೋನಿನ ಸ್ಪೀಕರು ಹಾಕಿ ಮೇಜಿನ ಮೇಲೆ ಇಟ್ಟರು. ಮೊದಲು ತಮಗೆ ಯಾರ ಯಾರ ಪರಿಚಯ ಉಂಟು ಎಂದು ಹೇಳಿ, ಆಮೇಲೆ, "ನಮ್ಮೂರಿನ ಹುಡುಗಿ ಸಾರ್, ಬಾವಿಯದ್ದು ಕೆಲಸ ಮಾಡುವವಳು. ಸ್ವಲ್ಪ ನೋಡಿಕೊಳ್ಳಬೇಕು," ಎಂದರು.

ಆ ಕಡೆಯಿಂದ ಮೆಲ್ಲಗೆ, "ಹೀಗೆ ಫೋನ್ ಮಾಡುವುದು ಅವರ ಕಡೆಯವರಿಗೆ ತಿಳಿದಿದೆಯೇ?"

"ತಿಳಿಯದೆ ಎಂತ ಸಾರ್! ಅವಳ ತಮ್ಮ ಇಲ್ಲೇ ನನ್ನೆದುರು ಕೂತಿದ್ದಾನೆ!"

ಫೋನು ನಿಂತಿತು. ಧಣಿಗಳು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. "ಆಯ್ತು ಅಂತ ತಿಳಿ. ದೊಡ್ಡ ಜನ, ಹೆಚ್ಚು ಮಾತಾಡುವುದಿಲ್ಲ."

ಆ ವಾರವೇ ಕಾಪುವಿನ ಪೇಟೆಯಲ್ಲಿ, ಹೆದ್ದಾರಿಯ ಬದಿಗೆ, ಒಂದು ಫ್ಲೆಕ್ಸ್ ಎದ್ದಿತು. ಮುಕ್ಕಾಲು ಭಾಗ ಧಣಿಗಳು ಕೈ ಮುಗಿದು ನಿಂತಿದ್ದಾರೆ. ಮೂಲೆಯಲ್ಲಿ ಅಂಚೆಚೀಟಿಯ ಹಾಗೆ ಅಕ್ಕ. ಉನ್ನತ ಸಂಶೋಧನಾ ಪುರಸ್ಕಾರಕ್ಕೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಪುತ್ರಿಗೆ ಹಾರ್ದಿಕ ಅಭಿನಂದನೆಗಳು. ಧಣಿಗಳ ಹುಡುಗರು ಹಾಕಿದ್ದು. ಫೋಟೊ ಕೊಟ್ಟದ್ದು ನಾನು.

ಅಕ್ಕ ಅದನ್ನು ಕಂಡದ್ದು ಬಸ್ಸಿನಿಂದ. ಇಳಿದವಳು ಮನೆಗೆ ಬರಲಿಲ್ಲ, ನೇರ ಐಸ್ ಪ್ಲಾಂಟಿಗೆ ಬಂದಳು. "ಬಾ," ಎಂದಳು, ಅಷ್ಟೆ. ನಾನು ಏಣಿ ಹಿಡಿದು ಹಿಂದೆ ಹೋದೆ. ಜನ ನೋಡುತ್ತಿದ್ದಂತೆ ಹಗ್ಗ ಬಿಚ್ಚಿಸಿದಳು. "ಯಾರು ಹಾಕಿದ್ದು?" "ಹುಡುಗರು ಇರಬೇಕು. ನನಗೆಂತ ಗೊತ್ತು?" ಆ ಫ್ಲೆಕ್ಸನ್ನು ಮನೆಗೆ ತಂದು, ಧಣಿಗಳ ಮುಖ ಅಡಿಗೆ ಮಾಡಿ, ಬಚ್ಚಲಿನ ಸೌದೆಯ ರಾಶಿಗೆ ಹೊದಿಸಿದಳು. ಆಯ್ಕೆ ಆಗಿಲ್ಲ, ಇದು ಯಾರೋ ಮಾಡಿದ ತಪ್ಪು ಎಂದು ಅಧ್ಯಕ್ಷರಿಗೆ ಅಂದೇ ಬರೆದಳು ಕೂಡ. ಫೋನಿನ ವಿಷಯ ಗೊತ್ತಿದ್ದರೆ ಅದನ್ನೂ ಬರೆಯುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಆಗಲಾದರೂ ಹೇಳಿದ್ದರೆ ಅವಳೇ ಮುಂದಾಗಿ, ಇದು ನನ್ನ ತಮ್ಮನ ದಡ್ಡತನ, ನನಗೆ ಗೊತ್ತಿರಲಿಲ್ಲ ಎಂದು ಹೇಳುತ್ತಿದ್ದಳು. ಅವರು ನಂಬುತ್ತಿದ್ದರೋ ಏನೋ. ನಾನು ಆ ಅವಕಾಶವನ್ನೂ ಕೊಡಲಿಲ್ಲ.

ಉತ್ತರ ಬಂತು. ಅಡುಗೆಮನೆಯಲ್ಲಿ ನಿಂತು ಓದಿದಳು, ಆಮೇಲೆ ನನಗೆ ತುಳುವಿನಲ್ಲಿ ಹೇಳಿದಳು. ಅಭ್ಯಾಸ ನೋಡಿ. ಅಭ್ಯರ್ಥಿಯ ಪರವಾಗಿ ಪ್ರಭಾವ ಬೀರುವ ಪ್ರಯತ್ನ ನಡೆದದ್ದರಿಂದ ಅರ್ಜಿಯನ್ನು ಪರಿಗಣಿಸುವುದಿಲ್ಲ.

"ನನ್ನ ಪರವಾಗಿ!" ಎಂದಳು. "ನನ್ನ ಪರವಾಗಿ ಈ ಲೋಕದಲ್ಲಿ ಯಾರಿದ್ದಾರೆ ಮಾರಾಯ?"

ನಾನು ಎದುರಿಗೆ ಬಂಗುಡೆ ಹೆಚ್ಚುತ್ತ ಕೂತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಧಣಿಗಳು ಯಾರಿಗಾದರೂ ಫೋನು ಮಾಡಿದ್ದಾರಾ? ಫ್ಲೆಕ್ಸ್ ಹಾಕಿದವರು ಅವರಲ್ವಾ?"

ನಾನು ಹೇಳಿದ ಉತ್ತರವನ್ನು ಇಲ್ಲಿ ಅಕ್ಷರ ಬಿಡದೆ ಬರೆಯುತ್ತೇನೆ. "ಅವರಿಗೆ ಎಂತಕ್ಕೆ ಮಾರಾಯ್ತಿ ನಿನ್ನ ಸುದ್ದಿ? ನಿಮ್ಮ ಕಾಲೇಜಿನಿಂದಲೇ ಯಾರೋ ಬೇಕೆಂದೇ ಅಧ್ಯಕ್ಷರಿಗೆ ಹೇಳಿಸಿದ್ದಂತೆ. ನಿಮ್ಮ ಮುಖ್ಯಸ್ಥರು ಅಂತ ಕೇಳಿದೆ."

ಯಾಕೆ ಅವರ ಹೆಸರು ಬಾಯಿಗೆ ಬಂತು? ಬೇಗ ನಂಬುವಂಥ ಹೆಸರು ಅದೇ. ಅವಳ ಅರ್ಜಿಯ ಮೇಲೆ ಕೂತು ಎಸಿಯ ಗಾಳಿ ತಿಂದವರು. ಅವರು ಕೆಡಿಸಿದರು ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅಕ್ಕನೂ ಕೇಳಲಿಲ್ಲ. ಪ್ರತಿ ಬಾವಿಯನ್ನು ಎರಡೆರಡು ಸಲ ನೋಡಿ ಬರೆಯುವವಳು, ತಮ್ಮನ ಮಾತು ಎಂದು ಒಂದೇ ಸಲಕ್ಕೆ ನಂಬಿದಳು.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವರ ಮುಖಕ್ಕೆ ಹೇಳಿದಳು. ಸಂಜೆ ಬಂದು ನನಗೆ ಅದನ್ನು ಅಭಿನಯಿಸಿ ತೋರಿಸಿದಳು ಕೂಡ. ಅವರು, "ದೇವರಾಣೆ, ನಾನಲ್ಲ," ಎಂದರಂತೆ. ಇವಳು, "ದೇವರ ಹೆಸರನ್ನಾದರೂ ನಿಮ್ಮ ಹೆಸರಿನ ಕೆಳಗೆ ಹಾಕಬೇಡಿ ಸಾರ್," ಎಂದಳಂತೆ. ನಾನು ನಕ್ಕೆ. ಜೋರಾಗಿ ನಕ್ಕೆ.

ಜೂನಿನಲ್ಲಿ ಅತಿಥಿಗಳ ಪಟ್ಟಿ ಬಂದಾಗ ಅವಳ ಹೆಸರಿರಲಿಲ್ಲ.

ಆಮೇಲೆ ಅವಳು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳಿದಳು. ಬಾವಿಗಳಿಗೆ ಹೋಗುವುದನ್ನು ಬಿಡಲಿಲ್ಲ. ಬಾಟಲಿ ತುಂಬಿಸಿ ತರುತ್ತಿದ್ದಳು, ಪರೀಕ್ಷೆ ಮಾಡಲಿಕ್ಕೆ ಕಾಲೇಜಿನ ಲ್ಯಾಬು ಇರಲಿಲ್ಲ. ಮಂಚದ ಕೆಳಗೆ ಸಾಲು ಸಾಲು ಚೀಟಿ ಅಂಟಿಸಿದ ನೀರು. ಹೆಂಗಸರು ಕೇಳುತ್ತಿದ್ದರು, "ಎಂತ ಬಂತು ಟೀಚರೇ, ನಮ್ಮ ಬಾವಿಯದ್ದು?" ಅವಳು ಚಾ ಕುಡಿದು ಹೇಳುತ್ತಿದ್ದಳು. ಎಷ್ಟು ಉಪ್ಪು ಎಂದು ನಾಲಿಗೆ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅವಳಿಗೆ ಬೇಕಾದದ್ದು ಯಾಕೆ ಎಂಬುದು. ಹೊಸ ವರ್ಷಕ್ಕೆ ನಾನೇ ಹೊಸ ಕ್ಯಾಲೆಂಡರ್ ತಂದು ಅಡುಗೆಮನೆಯಲ್ಲಿ ನೇತುಹಾಕಿದೆ. ಡಿಸೆಂಬರಿನವರೆಗೆ ಅದರಲ್ಲಿ ಒಂದು ಕೆಂಪು ಸುತ್ತು ಬೀಳಲಿಲ್ಲ.

ನಾನು ಹೇಳಬಹುದಿತ್ತು. ದಿನವೂ ಎದುರೆದುರು ಕೂತು ಉಂಡವರು ನಾವು. ಹೇಳಲಿಲ್ಲ. ಅವಳು ಮುಖ್ಯಸ್ಥರಿಗೆ ಬೈಯುವಾಗ ನಾನೂ ಎರಡು ಮಾತು ಸೇರಿಸಿ ಬೈದೆ. ಬೈಯುತ್ತ ಬೈಯುತ್ತ ಅವರೇ ಮಾಡಿದ್ದು ಎಂದು ನನಗೇ ಅರ್ಧ ನಂಬಿಕೆ ಬಂದಿತ್ತು.

ಅಕ್ಕ ಕಾಯಿಲೆಯಿಂದ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇರೆ ವಾರ್ಡಿಗೆ ಹೋಗಬೇಕಿತ್ತು. ಬೆಡ್ಡು ಖಾಲಿಯಾದ ಹಾಗೆ ಸರದಿಯಲ್ಲಿ ಕೊಡುತ್ತೇವೆ ಎಂದರು. ನಾನು ಕಿಸೆಯಿಂದ ಫೋನು ತೆಗೆದೆ. ಅಕ್ಕ ಕಣ್ಣು ಬಿಟ್ಟಳು.

"ಯಾರಿಗೆ ಫೋನು?"

"ಯಾರಿಗೂ ಇಲ್ಲ."

"ಇಡು ಅದನ್ನು. ಕ್ಯೂ ಉಂಟಲ್ಲ, ಹೋಗಿ ನಿಲ್ಲು. ನನಗಾಗಿ ಒಮ್ಮೆಯಾದರೂ ಕ್ಯೂನಲ್ಲಿ ನಿಲ್ಲು ಮಾರಾಯ."

ಒಮ್ಮೆಯಾದರೂ ಎಂದಳು. ಅವಳಿಗೆ ಗೊತ್ತಿತ್ತು ಎಂದು ನನಗೆ ಆಗ ಅನಿಸಿತು. ಯಾವಾಗಿನಿಂದ, ಯಾರು ಹೇಳಿದ್ದು, ಗೊತ್ತಿಲ್ಲ. ನಾನು ಕೇಳಲಿಲ್ಲ, ಹೇಳಲೂ ಇಲ್ಲ. ಹೋಗಿ ಕ್ಯೂನಲ್ಲಿ ನಿಂತೆ. ಬೆಡ್ಡು ಸಿಕ್ಕಿತು. ಯಾರೂ ಹೇಳದೆ, ಸರದಿಯಲ್ಲೇ ಸಿಕ್ಕಿತು. ಆ ಮಳೆಗಾಲ ಮುಗಿಯುವ ಮೊದಲು ಅಕ್ಕ ತೀರಿಹೋದಳು.

ಈಗ ಪ್ರಶಸ್ತಿ. ಅದನ್ನು ಕೊಡುವುದು ಧಣಿಗಳು, ಮುಖ್ಯ ಅತಿಥಿ ಅವರೇ. ಫ್ಲೆಕ್ಸಿಗೆ ಅಕ್ಕನ ಒಳ್ಳೆಯ ಫೋಟೊ ಬೇಕು ಎಂದು ಅವರ ಹುಡುಗರು ಬಂದಿದ್ದರು. ಬಚ್ಚಲಿನ ಕಡೆ ಕೈ ತೋರಿಸಿ, ಹಳೆಯದ್ದು ಅಲ್ಲಿ ಉಂಟು, ಬಿಡಿಸಿಕೊಂಡು ಹೋಗಿ ಎಂದೆ. ಅವರು ನಗಬೇಕೋ ಬೇಡವೋ ಎಂದು ನಿಂತರು.

ಮೊನ್ನೆ ಎರ್ಮಾಳಿನ ಹೆಂಗಸೊಬ್ಬರು ಮಾರ್ಕೆಟ್ಟಿನಲ್ಲಿ ಸಿಕ್ಕಿದರು. ಚಾ ಕೊಟ್ಟ ಆ ಅಜ್ಜಿಯ ಸೊಸೆ. "ಟೀಚರ ಹೆಸರಿನ ಪ್ರಶಸ್ತಿ ಅಲ್ವಾ ಅಣ್ಣಾ? ನಮ್ಮ ಹುಡುಗಿಯೂ ಅರ್ಜಿ ಹಾಕ್ತಾಳಂತೆ, ನೀರಿನದ್ದೇ ಎಂತದೋ ಬರೆದಿದ್ದಾಳೆ. ನೀವು ಧಣಿಗಳಿಗೆ ಒಂದು ಮಾತು ಹೇಳಿ."

ನನಗೆ ಬಂದ ಸಿಟ್ಟು! ಕೈಯಲ್ಲಿದ್ದ ಕ್ರೇಟನ್ನು ನೆಲಕ್ಕೆ ಕುಕ್ಕಿದೆ. ಮೀನು ಎಲ್ಲ ಚೆಲ್ಲಿತು. "ಆ ಮಾತು ನನ್ನೆದುರು ಆಡಬೇಡಿ!" ಎಂದು ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಆ ಹೆಂಗಸು ಹೆದರಿ, "ಎಂತ ಅಣ್ಣಾ, ಎಲ್ಲರೂ ಕೇಳುವ ಹಾಗೆ ಕೇಳಿದ್ದಷ್ಟೆ ಅಲ್ವಾ ನಾನು," ಎಂದರು. ಸರಿಯೇ. ಎಲ್ಲರೂ ಕೇಳುವ ಹಾಗೆ. ನಾನು ಬೈದದ್ದು ಅವರಿಗಲ್ಲ.

ಸಾರ್, ಇನ್ನು ನಿಮಗೆ. ನಿಮ್ಮ ಮೇಲೆ ನನ್ನ ಸಿಟ್ಟು ಇಳಿದಿಲ್ಲ. ನೀವು ನನ್ನ ಅಕ್ಕನ ಹೆಸರನ್ನು ಕೆಳಗೆ ಹಾಕಿದವರು, ಪಟ್ಟಿಯಿಂದ ತೆಗೆದವರು. ಈಗ ಅವಳು ಇಲ್ಲದಾಗ ಮೇಲೆ ಹಾಕಲಿಕ್ಕೆ ಹೊರಟಿದ್ದೀರಿ. ಆದರೆ ಆ ಫೋನು ನಿಮ್ಮದಲ್ಲ. ಸ್ಟಾಫ್ ರೂಮಿನಲ್ಲಿ ನೀವು ಹಾಕಿದ ಆಣೆ ಸತ್ಯ. ನನ್ನ ಸುಳ್ಳಿನಿಂದ ನೀವು ಎಲ್ಲರೆದುರು ತಲೆ ತಗ್ಗಿಸಿದಿರಿ, ಆ ಸಿಟ್ಟಿನಲ್ಲಿ ಅವಳನ್ನು ತೆಗೆದಿರಿ. ತೆಗೆದ ಕೈ ನಿಮ್ಮದು, ಅದರಲ್ಲಿ ಕತ್ತಿ ಕೊಟ್ಟದ್ದು ನಾನು. ಈ ಮಾತನ್ನು ಅಕ್ಕನಿಗೆ ಹೇಳಬೇಕಿತ್ತು. ನಿಮಗೆ ಹೇಳಬೇಕಾಗಿ ಬಂತು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇಲ್ಲ.

ಶಾಲು ಬೇಡ. ನಾನು ಬರುವುದಿಲ್ಲ. ಇದನ್ನು ಹಾಕುವುದಾದರೆ ಒಂದು ಅಕ್ಷರ ತೆಗೆಯದೆ ಹಾಕಿ. ಪ್ರಶಸ್ತಿಯ ಕಟ್ಟಳೆಗಳಲ್ಲಿ ಹೇಳಿಸಿದರೆ ರದ್ದು ಎಂದು ಮೊದಲ ಸಾಲಿಗೆ ಬರೆಯಿರಿ, ಧಣಿಗಳಿಗೂ ಓದಿ ಹೇಳಿ.

ಎರ್ಮಾಳಿನ ಹುಡುಗಿಗೆ ನಾನು ಹೇಳಿಕಳುಹಿಸಿದೆ. ಯಾರಿಗೂ ಮಾತು ಹೇಳುವುದಿಲ್ಲ, ಬೇಕಾದರೆ ಬಂದು ಓದಲಿ, ಕೇಳುತ್ತೇನೆ ಎಂದು. ನಿನ್ನೆ ಸಂಜೆ ಬಂದಳು. ಅಕ್ಕ ಕೂರುತ್ತಿದ್ದ ಮೆಟ್ಟಿಲಲ್ಲಿ ಕೂತು ಓದಿದಳು. ನಾನು ಟೆಂಪೊ ತೊಳೆಯುತ್ತಿದ್ದೆ. ಮೊದಲ ಪುಟಕ್ಕೇ ಆಕಳಿಕೆ ಬಂತು. ಮುಚ್ಚಿಡಲಿಲ್ಲ. "ಇಲ್ಲಿ ನಿದ್ದೆ ಬರ್ತದೆ ಮಗಾ," ಎಂದೆ. ಹುಡುಗಿಯ ಮುಖ ಸಣ್ಣದಾಯಿತು. ಪೆನ್ನು ತೆಗೆದು ಅಲ್ಲಿಗೊಂದು ಗೆರೆ ಹಾಕಿಕೊಂಡಳು.

"ನಾಳೆ ತಿದ್ದಿಕೊಂಡು ಬರಬಹುದಾ ಮಾವ?"

"ಬಾ. ಟೆಂಪೊ ನಾಳೆಯೂ ತೊಳೆಯಲಿಕ್ಕುಂಟು."